ದೊಡ್ಡವೀರರಾಜೇಂದ್ರನ ಮನಸ್ಸು ಎಂಥದ್ದು? ಕೃತಜ್ಞತೆ, ಪ್ರೀತಿ, ನ್ಯಾಯ... ನಿಮಗೆ ಏನನ್ನಿಸುತ್ತೆ?

ಗಾಳಿಬೀಡು ದಾರಿ:

ಎಲ್ಲರಿಗೂ ನಮಸ್ಕಾರ. ನಮ್ಮೂರ ವಾಚನಾಲಯದಲ್ಲಿ ತಿಂಗಳಿಗೊಮ್ಮೆ ಒಂದಿಷ್ಟು ಜನ ಕೂತು ಮಾತಾಡುತ್ತೇವೆ. ಈ ಸಲದ ವಿಷಯ ಕೊಡಗಿನ ರಾಜ ದೊಡ್ಡವೀರರಾಜೇಂದ್ರ, ಮಾತು ಶುರು ಮಾಡುವ ಕೆಲಸ ನನ್ನ ತಲೆಗೆ ಬಂದಿದೆ. ಯುದ್ಧ, ಇಸವಿ ಎಲ್ಲ ಪುಸ್ತಕದಲ್ಲಿ ಸಿಗುತ್ತೆ, ಅದನ್ನು ಅಲ್ಲಿ ಓದಿ ಹೇಳಿದರೆ ಅರ್ಧ ಜನ ಎದ್ದು ಹೋಗ್ತಾರೆ. ನನ್ನ ತಲೆ ಕೊರೆಯುತ್ತಿರುವುದು ಆ ಮನುಷ್ಯನ ಮನಸ್ಸು.

ಎರಡು ಸಂಗತಿ ಪಕ್ಕಪಕ್ಕ ಇಟ್ಟು ನೋಡಿ.

ಒಂದು. ಈತ ಹುಡುಗನಾಗಿದ್ದಾಗಲೇ ಅಪ್ಪ ತೀರಿಕೊಂಡ, ಮನೆಮಂದಿಯೆಲ್ಲ ಮೈಸೂರಿನವರ ಸೆರೆಗೆ ಬಿದ್ದರು. ಮೊದಲು ಗೊರೂರು, ಆಮೇಲೆ ಪಿರಿಯಾಪಟ್ಟಣ. 1788ರ ಡಿಸೆಂಬರಿನಲ್ಲಿ ಅಲ್ಲಿಂದ ತಪ್ಪಿಸಿಕೊಂಡು ಬಂದು, ಜನ ಕಟ್ಟಿಕೊಂಡು, ನಾಡನ್ನು ತುಂಡುತುಂಡಾಗಿ ವಾಪಸ್ ತಗೊಂಡ. ಮಡಿಕೇರಿ ಕೋಟೆ ಮಾತ್ರ ಇನ್ನೂ ಟಿಪ್ಪು ಕೈಯಲ್ಲಿತ್ತು. ಒಳಗಿದ್ದವರಿಗೆ ದಿನಸಿ ಮುಗೀತಾ ಬಂದಿತ್ತು. ಅವರಿಗೆ ಸಾಮಾನು ತಂದ ಪಡೆಯನ್ನು ನಮ್ಮವರು ದಾರಿಯಲ್ಲೇ ಸುತ್ತುವರಿದರು. ಆ ಪಡೆಯ ಮುಖ್ಯಸ್ಥ ಖಾದರ್ ಖಾನ್. ಪಿರಿಯಾಪಟ್ಟಣದ ಸೆರೆಯಲ್ಲಿದ್ದಾಗ ರಾಜನ ಮನೆಯವರಿಗೆ ಉಪಕಾರ ಮಾಡಿದ್ದವನು ಅವನೇ. ಅದನ್ನು ನೆನೆದು ರಾಜ ಅವನನ್ನು ಸಾಮಾನಿನ ಸಮೇತ ಕೋಟೆಯೊಳಗೆ ಹೋಗಲು ಬಿಟ್ಟುಬಿಟ್ಟ!

ಎರಡು. 1807ರಲ್ಲಿ ರಾಣಿ ಮಹಾದೇವಮ್ಮಾಜಿ ತೀರಿಕೊಂಡಳು. ಅಲ್ಲಿಂದ 1809ರ ಜೂನ್‌ನಲ್ಲಿ ತಾನು ಸಾಯುವ ತನಕ ಇದೇ ಮನುಷ್ಯ ಯಾರನ್ನೂ ನಂಬಲಿಲ್ಲ. ಸಿಟ್ಟು ಬಂದರೆ ಕೊಲ್ಲಿ ಅನ್ನುವುದು, ಸಿಟ್ಟು ಇಳಿದ ಮೇಲೆ ಕೊರಗುವುದು. ಸ್ವಂತ ಪ್ರಾಣ ತೆಗೆದುಕೊಳ್ಳಲೂ ನೋಡಿದ ಅಂತ ಬರೆದಿದ್ದಾರೆ.

ಶತ್ರುವಿಗೆ ದಾರಿ ಬಿಟ್ಟವನು ಮತ್ತು ತನ್ನವರ ತಲೆ ತೆಗೆಸಿದವನು ಒಬ್ಬನೇ ಅಲ್ವಾ? ಇದನ್ನು ಹೇಗೆ ಅರ್ಥ ಮಾಡಿಕೊಳ್ಳೋದು? ಅಧಿಕಾರ ಕೆಡಿಸಿತಾ, ಹೆಂಡತಿ ಹೋದ ದುಃಖವಾ, ಅಥವಾ ಮನುಷ್ಯ ಮೊದಲಿಂದಲೂ ಹಾಗೇನಾ? ರಾಜನೇ ಹೇಳಿ ಬರೆಸಿದ ರಾಜೇಂದ್ರನಾಮೆ ಇದೆಯಲ್ಲ, ಅದರಲ್ಲಿ ಅವನ ಮನಸ್ಸು ಎಷ್ಟು ಸಿಗುತ್ತೆ? ಓದಿದವರು ಹೇಳಿ.

ದಯವಿಟ್ಟು ಟಿಪ್ಪು ಜಯಂತಿ ಜಗಳ ಇಲ್ಲಿ ಬೇಡ. ಅದಕ್ಕೆ ಬೇರೆ ಕಡೆ ಬೇಕಾದಷ್ಟು ಜಾಗ ಇದೆ.

—

ಕಾಫಿ ಕಣ:

ಖಾದರ್ ಖಾನ್ ಕತೆಯನ್ನು ಎಲ್ಲರೂ ರಾಜನ ದೊಡ್ಡ ಗುಣ ಅಂತ ಹೇಳ್ತಾರೆ. ಶಾಲೆಯಲ್ಲಿ ನಮಗೂ ಹಾಗೇ ಹೇಳಿದ್ದು. ನನಗೆ ಆ ಕತೆ ಕೇಳಿದಾಗೆಲ್ಲ ಬೇರೆ ಜನರ ಮುಖ ಕಣ್ಣಿಗೆ ಬರುತ್ತೆ. ಕೋವಿ, ಕತ್ತಿ ಹಿಡಿದು ಆ ದಾರಿ ಅಡ್ಡಗಟ್ಟಿ ನಿಂತಿದ್ದವರು. ಅವರಲ್ಲಿ ಎಷ್ಟು ಜನರ ಮನೆ ಸುಟ್ಟಿತ್ತೋ, ಎಷ್ಟು ಜನರ ಅಣ್ಣತಮ್ಮಂದಿರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಕೊಂಡೊಯ್ದಿದ್ದರೋ. ಇನ್ನೇನು ಕೋಟೆ ಹಸಿವಿಗೇ ಬೀಳುತ್ತೆ ಅನ್ನುವಾಗ, ರಾಜ ಬಂದು "ಇವನು ನನಗೆ ಬೇಕಾದವನು, ಬಿಡಿ" ಅಂದರೆ ಅವರು ಏನು ಮಾಡಬೇಕು? ಬಿಟ್ಟರು. ಅಕ್ಕಿ ಮೂಟೆ ಕಣ್ಣೆದುರೇ ಒಳಗೆ ಹೋಯಿತು.

ಉಪಕಾರ ಸ್ಮರಣೆ ಒಳ್ಳೆಯದೇ, ಬೇಡ ಅನ್ನಲ್ಲ. ಆದರೆ ಸಾಲ ರಾಜನದು, ತೀರಿಸಿದ್ದು ನಾಡಿನ ಲೆಕ್ಕದಲ್ಲಿ. ಕೋಟೆ ಆಮೇಲೆ ಹೇಗೂ ಕೈಗೆ ಬಂತು, ಹಾಗಾಗಿ ಯಾರೂ ಆ ಲೆಕ್ಕ ಕೇಳಲಿಲ್ಲ. ಬಾರದೇ ಹೋಗಿದ್ದರೆ ಇದೇ ಕತೆಯನ್ನು ನಾವು ದ್ರೋಹ ಅಂತ ಹೇಳ್ತಿದ್ದೆವು.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಇಬ್ಬರು ಮನುಷ್ಯರಿಲ್ಲ, ಒಬ್ಬನೇ. ಖಾದರ್ ಖಾನನನ್ನು ಬಿಟ್ಟಿದ್ದೂ ಮನಸ್ಸಿಗೆ ಬಂತು ಅಂತ. ಕೊನೆಗಾಲದಲ್ಲಿ ತಲೆ ತೆಗೆಸಿದ್ದೂ ಮನಸ್ಸಿಗೆ ಬಂತು ಅಂತ. ಮೊದಲನೆಯದು ನಮಗೆ ಇಷ್ಟವಾಯಿತು, ಎರಡನೆಯದು ಆಗಲಿಲ್ಲ.

—

ಮೂರ್ನಾಡು ಮೇಷ್ಟ್ರು:

ಕಾಫಿ ಕಣ ಅವರ ಮಾತು ಖಾರವಾಗಿದೆ, ಆದರೆ ತಳ್ಳಿಹಾಕುವ ಹಾಗಿಲ್ಲ. ರಾಜೇಂದ್ರನಾಮೆ ಬಗ್ಗೆ ಕೇಳಿದ್ದೀರಿ, ಅದನ್ನು ಸ್ವಲ್ಪ ಹೇಳ್ತೀನಿ.

ಅದು ಕನ್ನಡದಲ್ಲೇ ಬರೆಸಿದ್ದು. 1633ರಿಂದ 1807ರ ತನಕ ಹಾಲೇರಿ ಮನೆತನದ, ಅಂದರೆ ಕೊಡಗಿನ ರಾಜರ ಮನೆತನದ ಕತೆ. 1808ರಲ್ಲೇ ಅದರ ಇಂಗ್ಲಿಷ್ ಅನುವಾದವೂ ಆಯಿತು. ಇಷ್ಟು ಅವಸರ ಯಾಕೆ ಅಂತ ಮೊದಲು ಕೇಳಬೇಕು. ಗದ್ದುಗೆಗೆ ಗಂಡು ಮಗ ಇರಲಿಲ್ಲ. ಮಹಾದೇವಮ್ಮಾಜಿಯ ಹೆಣ್ಣುಮಕ್ಕಳು, ಅವರಲ್ಲಿ ದೊಡ್ಡವಳು ದೇವಮ್ಮಾಜಿ. ತಮ್ಮ ಲಿಂಗರಾಜ ಪಕ್ಕದಲ್ಲೇ ಇದ್ದಾನೆ. "ನಮ್ಮ ಮನೆತನ ಇಂಥದ್ದು, ಈಸ್ಟ್ ಇಂಡಿಯಾ ಕಂಪನಿಗೆ ನಾನು ಇಷ್ಟು ಮಾಡಿದ್ದೇನೆ, ನನ್ನ ಮಗಳ ಕೈ ಬಿಡಬೇಡಿ" ಅಂತ ಹೇಳಲು ಆ ಹೊತ್ತಿಗೆ ಒಂದು ದಾಖಲೆ ಬೇಕಿತ್ತು. ಹಾಗಾಗಿ ಅದರಲ್ಲಿ ಮನಸ್ಸು ಹುಡುಕುವಾಗ ಜೋಪಾನ. ಅದು ಒಬ್ಬ ಅಪ್ಪ ಬರೆಸಿದ ಅರ್ಜಿಯೂ ಹೌದು.

ಇನ್ನೊಂದು. ಕತೆ ನಿಲ್ಲುವುದು 1807ಕ್ಕೆ, ರಾಣಿ ಸತ್ತ ವರ್ಷಕ್ಕೆ. ನೀವು ಕೇಳುತ್ತಿರುವ ಎರಡನೇ ಮನುಷ್ಯ ಆ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಸೆರೆಯಲ್ಲಿ ತಾನು ಪಟ್ಟ ಪಾಡನ್ನು ಬರೆಸಿದ ರಾಜ, ತಾನು ಕೊಟ್ಟ ಪಾಡಿನ ಬಗ್ಗೆ ಒಂದು ಸಾಲನ್ನೂ ಬರೆಸಲಿಲ್ಲ. ಆ ಎರಡು ವರ್ಷದ ಸುದ್ದಿ ನಮಗೆ ಗೊತ್ತಾಗಿರುವುದು ಕಂಪನಿಯವರಿಂದ ಮತ್ತು ಆಮೇಲೆ ಬಂದ ಪಾದ್ರಿಗಳಿಂದ. ಮೋಗ್ಲಿಂಗ್ ಪಾದ್ರಿ ಕೊಡಗಿನ ಬಗ್ಗೆ ಬರೆದದ್ದು 1855ರಲ್ಲಿ. ರಾಜ ಸತ್ತು ಆಗಲೇ ನಲವತ್ತು ವರ್ಷ ದಾಟಿತ್ತು, ರಾಜ್ಯ 1834ಕ್ಕೇ ಕಂಪನಿ ಪಾಲಾಗಿತ್ತು. ಹಾಲೇರಿ ರಾಜರೆಲ್ಲ ಕ್ರೂರಿಗಳು, ಹುಚ್ಚರು ಅಂದರೆ ರಾಜ್ಯ ತಗೊಂಡವರಿಗೆ ನಿರಾಳ ಅಲ್ವಾ? ಹಾಗಂತ ಎಲ್ಲ ಸುಳ್ಳು ಅಂತಲೂ ಹೇಳಲ್ಲ. ರಾಜನ ಆರೋಗ್ಯ ನೋಡಲು ಕಂಪನಿಯಿಂದ ವೈದ್ಯರನ್ನು ಕಳಿಸಿದ್ದರು, ಸುಮ್ನೆ ಯಾರೂ ಆ ಕಾಲದಲ್ಲಿ ಘಟ್ಟ ಹತ್ತಿ ಬರ್ತಿರಲಿಲ್ಲ.

—

ಕಕ್ಕಬ್ಬೆ ಅಕ್ಕ:

ಪ್ರೀತಿಯ ವಿಷಯ ಯಾರೂ ಮಾತಾಡಲಿಲ್ಲ ನೋಡಿ, ಎಲ್ಲರೂ ಕೋಟೆ, ಕಂಪನಿ ಅಂತಲೇ ಕೂತಿದ್ದೀರಿ!

ನಾಲ್ಕುನಾಡು ಅರಮನೆ ನಮ್ಮನೆಯಿಂದ ದೂರ ಇಲ್ಲ. ನೆಂಟರು ಬಂದಾಗೆಲ್ಲ ಕರ್ಕೊಂಡು ಹೋಗ್ತೀನಿ. ಅದನ್ನು ಕಟ್ಟಲು ಶುರು ಮಾಡಿದ್ದು 1792ರ ಹೊತ್ತಿಗೆ. ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ, ಕಾಡಿನ ನಡುವೆ. ಹೊರಗಿಂದ ನೋಡಿದರೆ ಅರಮನೆ ಅನ್ನಿಸಲ್ಲ, ಎರಡಂತಸ್ತಿನ ದೊಡ್ಡ ಹೆಂಚಿನ ಮನೆ ಅಷ್ಟೇ. ಒಳಗೆ ಹೋದರೆ ಬಣ್ಣದ ಚಿತ್ತಾರ, ಕೆತ್ತನೆ ಮಾಡಿದ ಮರದ ಕಿಟಕಿ. ಜೊತೆಗೆ ಕತ್ತಲೆ ಕೋಣೆಗಳು. ಹಗಲು ಹೊತ್ತಲ್ಲೂ ಟಾರ್ಚ್ ಹಾಕಿಕೊಂಡೇ ನೋಡಬೇಕು. ಯಾರಾದರೂ ನುಗ್ಗಿದರೆ ಅಡಗಲು, ಅಡಗಿ ಹೊಡೆಯಲು. ಅಂಗಳದಲ್ಲಿ ಒಂದು ಪುಟ್ಟ ಮಂಟಪ ಇದೆ. 1796ರಲ್ಲಿ ರಾಜ ಮಹಾದೇವಮ್ಮಾಜಿಯನ್ನು ಮದುವೆಯಾದ ಜಾಗ ಅದು.

ಆ ಮಂಟಪದಲ್ಲಿ ನಿಂತು ತಿರುಗಿದರೆ ಕತ್ತಲೆ ಕೋಣೆಯ ಗೋಡೆ ಕಾಣುತ್ತೆ. ನೆಂಟರು ಅಲ್ಲಿ ನಿಂತು ಫೋಟೋ ತೆಗೆಸಿಕೊಳ್ತಾರೆ, ನಾನು ಮಾತ್ರ ಯೋಚನೆ ಮಾಡ್ತಿರ್ತೀನಿ, ಈ ಮನುಷ್ಯ ಅಡಗಲು ಕಟ್ಟಿಸಿದ ಮನೆಯಲ್ಲೇ ಮದುವೆಯೂ ಆದ ಅಂತ. ಸೆರೆಯಿಂದ ಬಂದವನು. ಬಾಗಿಲು ಹಾಕಿದ ಸದ್ದು ಕೇಳಿದರೂ ಬೆಚ್ಚುತ್ತಿದ್ದನೋ ಏನೋ. ಅಂಥವನಿಗೆ ಒಬ್ಬ ಹೆಂಗಸಿನ ಹತ್ತಿರ ಮಾತ್ರ ನಿದ್ದೆ ಬರುತ್ತಿತ್ತು ಅಂತ ಇಟ್ಟುಕೊಳ್ಳಿ. ಇದು ನನ್ನ ಊಹೆ, ಮೇಷ್ಟ್ರು ಬಯ್ಯಬೇಡಿ. ಅವಳೂ ಹೋದ ಮೇಲೆ ಉಳಿದಿದ್ದು ಕತ್ತಲೆ ಕೋಣೆ ಒಂದೇ.

ಮಡಿಕೇರಿಯ ಮಹದೇವಪೇಟೆ ಅವಳ ಹೆಸರಿನದ್ದೇ ಅಂತ ನಮ್ಮ ಹಿರಿಯರು ಹೇಳೋದು. ಅಲ್ಲಿನ ಗದ್ದುಗೆಯಲ್ಲೂ, ಅಂದರೆ ರಾಜರ ಸಮಾಧಿಯಲ್ಲೂ ಅಷ್ಟೇ. ನಡುವಿನ ದೊಡ್ಡ ಗುಮ್ಮಟದ ಕೆಳಗೆ ರಾಜ ಒಬ್ಬನೇ ಇಲ್ಲ, ಪಕ್ಕದಲ್ಲೇ ಅವಳೂ ಇದ್ದಾಳೆ. ಆ ಕಾಲದ ರಾಜರಿಗೆ ರಾಣಿಯರಿಗೇನು ಕಡಿಮೆ ಇರಲಿಲ್ಲ, ಇವನು ಒಬ್ಬಳಿಗಾಗಿ ಇಷ್ಟು ಕೊರಗಿದ. ಅದನ್ನೂ ನಿಮ್ಮ ಸಭೆಯಲ್ಲಿ ಹೇಳಿ.

—

ಸಿದ್ದಾಪುರ ಸಿಸ್ಟರ್:

ನಾನು ನರ್ಸ್. ಇತಿಹಾಸ ಅಷ್ಟು ಗೊತ್ತಿಲ್ಲ, ಆದರೆ ಮೇಲೆ ಬರೆದಿರೋದನ್ನ ಓದಿದರೆ ಇದು ಕಾಯಿಲೆ ಅಂತ ಯಾರಿಗಾದರೂ ಗೊತ್ತಾಗುತ್ತೆ. ಹೆಂಡತಿ ಸತ್ತ ಮೇಲೆ ವಿಪರೀತ ಅನುಮಾನ, ಕೋಪ, ಕೋಪ ಇಳಿದ ಮೇಲೆ ಅಳು, ಪ್ರಾಣ ಕಳೆದುಕೊಳ್ಳುವ ಪ್ರಯತ್ನ. ಇವತ್ತಾದರೆ ಮನೆಯವರು ಆಸ್ಪತ್ರೆಗೆ ಕರ್ಕೊಂಡು ಬರ್ತಿದ್ದರು. ಇದರಲ್ಲಿ "ಮನುಷ್ಯನ ಗುಣ", "ಅಧಿಕಾರದ ಮದ" ಅಂತ ಹುಡುಕೋದು ಸರಿಯಲ್ಲ ಅನ್ನಿಸುತ್ತೆ. ಜ್ವರ ಬಂದವನು ಬಡಬಡಿಸಿದ್ದನ್ನು ಅವನ ಅಭಿಪ್ರಾಯ ಅಂತೀವಾ?

—

ಕಾಫಿ ಕಣ:

ಸಿಸ್ಟರ್, ಕಾಯಿಲೆ ಅನ್ನೋದನ್ನ ಒಪ್ತೀನಿ. ಆದರೆ ಅದೇ ಕಾಯಿಲೆ ಒಬ್ಬ ಸಾಮಾನ್ಯ ರೈತನಿಗೆ ಬಂದಿದ್ದರೆ? ಮನೆಯವರು ಹಿಡಿದು ಕೂರಿಸ್ತಿದ್ದರು. ಒಕ್ಕದ (ಕುಟುಂಬದ) ಹಿರಿಯ ಪಟ್ಟೆದಾರ ಗದರಿಸ್ತಿದ್ದ. ಮಿತಿ ಮೀರಿದರೆ ಊರಿನ ಮುಖ್ಯಸ್ಥರಾದ ಊರುತಕ್ಕರ ಹತ್ತಿರ ಹೋಗ್ತಿತ್ತು, ಅಲ್ಲೂ ಆಗದಿದ್ದರೆ ನಾಡುತಕ್ಕರು. ನಮ್ಮ ನಾಡಿನಲ್ಲಿ ರಾಜರು ಬರುವ ಮೊದಲಿನಿಂದಲೂ ಜಗಳ ತೀರ್ಮಾನ ಆಗುತ್ತಿದ್ದದ್ದು ಹೀಗೇ. ಹತ್ತು ಜನರ ಎದುರು ನಿಂತು ಮಾತಾಡಬೇಕು, ಒಬ್ಬನ ಸಿಟ್ಟಿಗೆ ಇನ್ನೊಬ್ಬ ಅಡ್ಡ ಬರುತ್ತಿದ್ದ. ಅರಮನೆಯಲ್ಲಿ ಅಡ್ಡ ಬರುವವರು ಯಾರು? ದಿವಾನನಾ, ಕಾರ್ಯಕಾರನಾ? ಅಡ್ಡ ಬಂದವನ ತಲೆಯೇ ಮೊದಲು ಹೋಗೋದು.

ನಮ್ಮ ತೋಟದಲ್ಲಿ ಕೆಲಸದ ಲೆಕ್ಕ ನೋಡುವ ಒಬ್ಬರು ಹಳೇ ರೈಟರ್ ಇದ್ದಾರೆ. ನಾನು ಬೆಳಗ್ಗೆ ಸಿಟ್ಟಲ್ಲಿ "ಆ ಲೈನಿನ ಕೆಲಸದವರನ್ನೆಲ್ಲ ನಾಳೆಯಿಂದ ಬೇಡ ಅನ್ನಿ" ಅಂದರೆ ಅವರು "ಆಯ್ತು ಸಾರ್" ಅಂತ ಹೇಳಿ ಏನೂ ಮಾಡದೆ ಸುಮ್ಮನಿರ್ತಾರೆ. ಸಾಯಂಕಾಲ ಮತ್ತೆ ಕೇಳ್ತಾರೆ, "ಸಾರ್ ಬೆಳಗ್ಗೆ ಹೇಳಿದ್ದು ಮಾಡಬೇಕಾ?" ಅಂತ. ಅಷ್ಟರಲ್ಲಿ ನನ್ನ ಸಿಟ್ಟು ಇಳಿದಿರುತ್ತೆ. ದೊಡ್ಡವೀರರಾಜನಿಗೆ ಅಂಥ ಒಬ್ಬ ಇರಲಿಲ್ಲ. ಹೇಳಿದ ತಕ್ಷಣ ಮಾಡುವವರೇ ಸುತ್ತ ಇದ್ದರು. ಸಿಟ್ಟು ಇಳಿಯುವ ಹೊತ್ತಿಗೆ ಕೆಲಸ ಮುಗಿದಿರುತ್ತಿತ್ತು. ಕಾಯಿಲೆ ಅವನದು ಸಿಸ್ಟರ್, ಸತ್ತವರು ಬೇರೆ.

—

ಸೋಮವಾರಪೇಟೆ ಹಳಬ:

ಎಲ್ಲರೂ ಅಣ್ಣನನ್ನೇ ಹಿಡಿದುಕೊಂಡಿದ್ದೀರಿ. ತಮ್ಮ ಲಿಂಗರಾಜನನ್ನೂ ಸ್ವಲ್ಪ ನೋಡಿ, ಆಗ ಪ್ರಶ್ನೆಗೆ ಇನ್ನೊಂದು ಮಗ್ಗುಲು ಸಿಗುತ್ತೆ.

ನ್ಯಾಯ ಅಂದರೆ ಏನು ಅಂತ ಕೂತು ಬರೆಸಿದ ರಾಜ ಹಾಲೇರಿ ಮನೆಯಲ್ಲಿ ಯಾರಾದರೂ ಇದ್ದರೆ ಅದು ಲಿಂಗರಾಜ. ಅವನ ಹುಕುಂನಾಮೆ ಇದೆ. ಅಧಿಕಾರಿಗಳಿಗೆ ಹೊರಡಿಸಿದ ಕಟ್ಟಳೆಗಳು. ಮನಸ್ಸಿನ ಮಾತಲ್ಲ, ಕೆಲಸದ ಮಾತು. ಜೊತೆಗೆ ಅವನ ಕಾಲದ ಶಿಸ್ತು, ಅಂದರೆ ಜಮೀನಿನ ಕಂದಾಯದ ಲೆಕ್ಕ. ವಂಶಪಾರಂಪರ್ಯವಾಗಿ ಬರುವ ಜಮ್ಮಾ ಭೂಮಿಗೆ 100 ಭಟ್ಟಿಗೆ (ಭಟ್ಟಿ ಅಂದರೆ ಗದ್ದೆಯ ಅಳತೆ) 5 ರೂಪಾಯಿ, ಮಾಮೂಲಿ ಕಂದಾಯದ ಸಾಗು ಭೂಮಿಗೆ 10. ಜಮ್ಮಾದವರು ಅರ್ಧ ಕೊಡೋದು ಯಾಕೆಂದರೆ ಕರೆದಾಗ ಕೋವಿ ಹಿಡಿದು ಬರಬೇಕು, ಬಿಟ್ಟಿ ಚಾಕರಿ ಮಾಡಬೇಕು. ಬ್ರಿಟಿಷರು ಬಂದ ಮೇಲೂ ಈ ಲೆಕ್ಕವನ್ನೇ ಮುಂದುವರಿಸಿದರು. ಜಮ್ಮಾ ಬಾಣೆ (ಗದ್ದೆಗೆ ಸೇರಿದ ಕಾಡುಜಾಗ) ತಕರಾರಿಗೆ ಇವತ್ತೂ ತಾಲ್ಲೂಕು ಕಚೇರಿ ಮೆಟ್ಟಿಲು ಹತ್ತುವವರಿಗೆ ಇದೆಲ್ಲ ಚೆನ್ನಾಗಿ ಗೊತ್ತಿರುತ್ತೆ!

ಆದರೆ ಇಷ್ಟು ಅಚ್ಚುಕಟ್ಟಾಗಿ ಬರೆಸಿದವನು ಗದ್ದುಗೆಗೆ ಬಂದದ್ದು ಹೇಗೆ? ಅಣ್ಣ ಸತ್ತಾಗ ದೇವಮ್ಮಾಜಿ ಸಣ್ಣ ಹುಡುಗಿ. ಅವಳನ್ನೇ ರಾಣಿ ಅಂತ ಕೂರಿಸಿದ್ದರು. ಚಿಕ್ಕಪ್ಪನಾದ ಇವನು ನೋಡಿಕೊಳ್ತೀನಿ ಅಂತ ಬಂದು, 1811ಕ್ಕೆ ತಾನೇ ರಾಜನಾದ. ಇನ್ನು ಓಂಕಾರೇಶ್ವರ ದೇವಸ್ಥಾನದ ಕತೆ ನಿಮಗೆಲ್ಲ ಗೊತ್ತೇ ಇದೆ. 1820ರಲ್ಲಿ ಕಟ್ಟಿಸಿದ್ದು. ಒಬ್ಬ ಬ್ರಾಹ್ಮಣನನ್ನು ಕೊಲ್ಲಿಸಿದ, ಅವನು ಬ್ರಹ್ಮರಾಕ್ಷಸನಾಗಿ ಕಾಡಿದ, ಕಾಶಿಯಿಂದ ಲಿಂಗ ತರಿಸಿ ಗುಡಿ ಕಟ್ಟಿಸಿದ ಮೇಲೆ ಕಾಟ ನಿಂತಿತು ಅಂತ. ನಡೆದದ್ದೋ ಇಲ್ಲವೋ, ಕತೆ ಕಟ್ಟಿದ ಜನರ ಜಾಣತನ ನೋಡಿ. ರಾಜನನ್ನು ವಿಚಾರಿಸಲು ಕೋರ್ಟು ಇಲ್ಲ, ಹಾಗಾಗಿ ಸತ್ತವನನ್ನೇ ಎಬ್ಬಿಸಿ ಕಳಿಸಿದರು. ರಾಜನ ಹತ್ತಿರ ನ್ಯಾಯ ಕೇಳಲು ಜನರಿಗೆ ಉಳಿದಿದ್ದು ದೆವ್ವ ಒಂದೇ.

ರಾಜಾಸೀಟಿನಿಂದ ಕೈದಿಗಳನ್ನು ಉರುಳಿಸುತ್ತಿದ್ದರು ಅಂತ ಟ್ಯಾಕ್ಸಿಯವರು ಪ್ರವಾಸಿಗರಿಗೆ ಹೇಳೋದನ್ನ ಮಾತ್ರ ನಿಮ್ಮ ಸಭೆಯಲ್ಲಿ ಹೇಳಬೇಡಿ. ಅದಕ್ಕೆ ಆಧಾರ ಕೇಳಿದರೆ ಅವರೂ ನಗ್ತಾರೆ.

—

ಗಾಳಿಬೀಡು ದಾರಿ:

ಅಬ್ಬಾ, ಇಷ್ಟು ಬರುತ್ತೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್.

ಕಾಫಿ ಕಣ ಅಣ್ಣ, ರೈಟರ್ ಕತೆಯನ್ನು ನಾನು ಸಭೆಯಲ್ಲಿ ಕದೀತೀನಿ, ಹೇಳಿಟ್ಟಿರ್ತೀನಿ. ಆದರೆ ಖಾದರ್ ಖಾನ್ ವಿಷಯದಲ್ಲಿ ನಿಮ್ಮ ಜೊತೆ ಪೂರ್ತಿ ಒಪ್ಪಲ್ಲ. ಕೃತಜ್ಞತೆಯನ್ನೂ ಕ್ರೌರ್ಯವನ್ನೂ ಒಂದೇ ತಕ್ಕಡಿಗೆ ಹಾಕಿದರೆ ರಾಜನಲ್ಲಿ ಮನುಷ್ಯ ಅನ್ನೋನೇ ಉಳಿಯಲ್ಲ. ಅವತ್ತು ಅವನು ಗೆಲ್ಲುವ ಕಡೆ ಇದ್ದ, ಎದುರಿಗಿದ್ದವನು ಸಿಕ್ಕಿಬಿದ್ದಿದ್ದ. ಅಂಥ ಹೊತ್ತಲ್ಲಿ ಹಳೇ ಉಪಕಾರ ಎಷ್ಟು ಜನರಿಗೆ ನೆನಪಾಗುತ್ತೆ? ಅದೇ ಗದ್ದುಗೆಯ ಹತ್ತಿರ ಟಿಪ್ಪುವಿನ ವಿರುದ್ಧ ಹೋರಾಡಿ ಸತ್ತ ರಾಜನ ಅಧಿಕಾರಿ ಬಿದ್ದಂಡ ಬೋಪು ಮತ್ತು ಅವನ ಮಗ ಸೋಮಯ್ಯನ ಸಮಾಧಿಗಳೂ ಇವೆ. ತನಗಾಗಿ ಸತ್ತವರನ್ನು ಪಕ್ಕದಲ್ಲೇ ಮಲಗಿಸಿಕೊಂಡ ಮನೆ ಅದು. ಉಪಕಾರ ಮರೆಯದ ಗುಣ ಅವನಲ್ಲಿ ಬರೀ ಒಂದು ದಿನದ ಹುಚ್ಚಲ್ಲ ಅಂತ ನನಗನ್ನಿಸುತ್ತೆ.

ಮೇಷ್ಟ್ರೇ, 1807ಕ್ಕೆ ಕತೆ ನಿಲ್ಲುತ್ತೆ ಅಂದಿರಲ್ಲ, ಅದನ್ನೇ ಶುರುವಿನಲ್ಲಿ ಇಡ್ತೀನಿ. ಒಂದು ಸಣ್ಣ ಅನುಮಾನ. ಮಗಳಿಗಾಗಿ ಕಂಪನಿಯನ್ನು ಅಷ್ಟು ನೆಚ್ಚಿಕೊಂಡನಲ್ಲ, ಅದು ಅಪ್ಪನ ಪ್ರೀತಿಯಾ, ರಾಜನ ದಡ್ಡತನವಾ? ಹೆಣ್ಣುಮಗಳು ಆಳಲಿ ಅಂತ ಆ ಕಾಲದಲ್ಲಿ ಹಟ ಹಿಡಿದದ್ದೇ ದೊಡ್ಡದು ಅಂತ ನಮ್ಮ ಗುಂಪಿನ ಹೆಣ್ಣುಮಕ್ಕಳು ವಾದ ಮಾಡ್ತಾರೆ, ಖಂಡಿತ.

—

ಕಕ್ಕಬ್ಬೆ ಅಕ್ಕ:

ಮಾಡಲೇಬೇಕು! ನಾನಿದ್ದರೆ ನಾನೂ ಮಾಡ್ತಿದ್ದೆ. ಆದರೆ ಒಂದು ಮಾತು, ಮಗಳನ್ನು ಕೂರಿಸುವ ಆಸೆಯಲ್ಲಿ ಅವಳಿಗೆ ಆಳೋದು ಕಲಿಸುವಷ್ಟು ದಿನ ಇವನು ಇರಲಿಲ್ಲ. ಅವಳ ಸುತ್ತ ನಂಬಿಕಸ್ಥರು ಯಾರಿದ್ದರು? ನಂಬಿಕಸ್ಥರ ಮೇಲೆಲ್ಲ ಕೊನೆಯ ಎರಡು ವರ್ಷ ಇವನೇ ಅನುಮಾನ ಪಟ್ಟ. ಇದ್ದವರು ಹೆದರಿ ದೂರ ಸರಿದರು. ಚಿಕ್ಕಪ್ಪ ಬಂದು ಎಬ್ಬಿಸಿದಾಗ ಆ ಮಗುವಿನ ಪರ ನಿಲ್ಲುವವರು ಯಾರೂ ಗಟ್ಟಿಯಾಗಿ ಇರಲಿಲ್ಲ.

—

ಸಿದ್ದಾಪುರ ಸಿಸ್ಟರ್:

ಕಾಫಿ ಕಣ ಸರ್, ನೀವು ಹೇಳಿದ್ದು ಸರಿ, ಸತ್ತವರ ಲೆಕ್ಕ ಬೇರೆ. ಆದರೂ ಒಂದು ಹೇಳ್ತೀನಿ. ನಮ್ಮಲ್ಲಿಗೆ ಬರುವ ಇಂಥ ಗಂಡಸರಲ್ಲಿ ಜಾಸ್ತಿ ಜನ ಮನೆಯಲ್ಲಿ ಯಜಮಾನರೇ. ಅವರ ಮಾತಿಗೆ ಎದುರಾಡುವವರು ಇಲ್ಲ ಅನ್ನೋ ಕಾರಣಕ್ಕೇ ಕರ್ಕೊಂಡು ಬರೋದು ತಡವಾಗಿರುತ್ತೆ. ಹೆಂಡತಿ ಇದ್ದರೆ ಅವಳೇ ಕರ್ಕೊಂಡು ಬರೋದು.

—

ಮೂರ್ನಾಡು ಮೇಷ್ಟ್ರು:

ಗಾಳಿಬೀಡಿನವರೇ, ಕಂಪನಿಯನ್ನು ನೆಚ್ಚಿದ್ದು ದಡ್ಡತನವಾ ಅಂತ ಕೇಳಿದಿರಿ. ಅವನ ಜಾಗದಲ್ಲಿ ನಿಂತು ನೋಡಿ. 1790ರಲ್ಲಿ ಕಂಪನಿ ಜೊತೆ ಕೌಲು (ಒಪ್ಪಂದ) ಆಯಿತು. ಶ್ರೀರಂಗಪಟ್ಟಣಕ್ಕೆ ಹೋಗುವ ಅವರ ದಂಡಿಗೆ ದಾರಿ ಬಿಟ್ಟ, ದಿನಸಿ ಕೊಟ್ಟ. ಜನರಲ್ ಅಬರ್‌ಕ್ರಾಂಬಿಯನ್ನು ಭೇಟಿಯಾದ ನೆನಪಿಗೆ 1792ರಲ್ಲಿ ವೀರರಾಜಪೇಟೆಯನ್ನೇ ಕಟ್ಟಿಸಿದ. ವರ್ಷಕ್ಕೆ 24,000 ರೂಪಾಯಿ ಪೊಗದಿ (ಕಪ್ಪ) ಕೊಡುತ್ತಿದ್ದದ್ದನ್ನು 1799ರಲ್ಲಿ ಟಿಪ್ಪು ಸತ್ತ ಮೇಲೆ ಅವರು ಬಿಟ್ಟುಕೊಟ್ಟರು, ಬದಲಿಗೆ ವರ್ಷಕ್ಕೊಂದು ಆನೆ ಸಾಕು ಅಂದರು. ಹೀಗೆ ಕೊಟ್ಟು ತಗೊಂಡು ನಡೆದ ಸ್ನೇಹ. ಖಾದರ್ ಖಾನನ ಉಪಕಾರ ಮರೆಯದ ಮನುಷ್ಯ, ಕಂಪನಿಯೂ ತನ್ನ ಉಪಕಾರ ಮರೆಯಲ್ಲ ಅಂತ ಅಂದುಕೊಂಡ. ಖಾದರ್ ಖಾನ್ ಒಬ್ಬ ಮನುಷ್ಯ. ಕಂಪನಿ ಅಂದರೆ ಕಚೇರಿ. ಅಲ್ಲಿ ಕೂರುವವರು ಬದಲಾಗ್ತಾ ಇರ್ತಾರೆ, ಹೊಸಬನಿಗೆ ಹಳೇ ಸ್ನೇಹ ಕಾಗದದಲ್ಲಿ ಮಾತ್ರ ಗೊತ್ತಿರೋದು. ಲಿಂಗರಾಜ ಗದ್ದುಗೆ ಹತ್ತಿದಾಗ ಅವರು ದೇವಮ್ಮಾಜಿಗಾಗಿ ದಂಡು ಕಳಿಸಲಿಲ್ಲ.

ಮಗಳಿಗೆ ಅಂತ ಅವನು ಮಾಡಿದ ಇನ್ನೊಂದು ಏರ್ಪಾಡು ಕಂಪನಿಯಲ್ಲಿ ತೊಡಗಿಸಿದ ಹಣ. ಅದರ ಗತಿ ಏನಾಯಿತು ಅಂತ ನಿಮ್ಮ ಸಭೆಯಲ್ಲಿ ಹೇಳಿ, ಯಾರೂ ಎದ್ದು ಹೋಗಲ್ಲ. ಲಿಂಗರಾಜನ ಮಗ ಚಿಕ್ಕವೀರರಾಜ. 1834ರಲ್ಲಿ ಕಂಪನಿ ಅವನನ್ನು ಇಳಿಸಿ ಕಾಶಿಗೆ ಕಳಿಸಿತು. ಅವನು 1852ರಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದ. ಮಗಳು ಗೌರಮ್ಮನೂ ಜೊತೆಗಿದ್ದಳು. ವಿಕ್ಟೋರಿಯಾ ರಾಣಿಯೇ ಅವಳ ಜ್ಞಾನಸ್ನಾನಕ್ಕೆ ಧರ್ಮತಾಯಿಯಾಗಿ ನಿಂತದ್ದು ಬೇರೆ ಕತೆ. ಅವನು ಹೋದ ದೊಡ್ಡ ಕೆಲಸ ಆ ಹಣ. ದೊಡ್ಡಪ್ಪ ತನ್ನ ಮಗಳಿಗೆ ಅಂತ ಇಟ್ಟಿದ್ದನ್ನು, ಆ ಮಗಳನ್ನು ಗದ್ದುಗೆಯಿಂದ ಇಳಿಸಿದವನ ಮಗ ಹೋಗಿ "ನನಗೆ ಸೇರಬೇಕು" ಅಂತ ಲಂಡನ್ನಿನ ಕೋರ್ಟಿನಲ್ಲಿ ಕಂಪನಿಯ ಮೇಲೆ ಕೇಸು ಹಾಕಿದ. 1859ರಲ್ಲಿ ಅಲ್ಲೇ ಸತ್ತ. ದುಡ್ಡು ಕೈಗೆ ಬರಲಿಲ್ಲ.